ಲಂಡನ್ನಿನ ಕೊಲೆಗಾರ ಊದ್ ಮೇಥಾಕ್ಕೆ ಬಂದದ್ದು

ಗದಗ ಕಡೆಯ ಸಂಗಪ್ಪ ದುಬೈಗೆ ಬಂದ ಇಷ್ಟು ವರ್ಷಗಳಲ್ಲಿ ಮೈಕಿನ ಮುಂದೆ ನಿಂತು ಎರಡು ಮಾತಾಡು ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಅದರಿಂದ ಅವನಿಗಾಗಲೀ ಕನ್ನಡಿಗರಿಗಾಗಲೀ ಯಾವ ನಷ್ಟವೂ ಆಗಿರಲಿಲ್ಲ. ಅವನು ಅಲ್ ಕೂಜ್‌ನ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಸೂಪರ್‌ವೈಸರ್. ಮಂಜುಗಟ್ಟಿದ ಬಟಾಣಿ, ಕೋಳಿ, ಮೀನಿನ ಪೆಟ್ಟಿಗೆಗಳ ನಡುವೆ ದಪ್ಪ ಕೋಟು ತೊಟ್ಟು ಓಡಾಡುವುದು ಕೆಲಸ. ಅಲ್ಲಿ ಬಾಯಿ ತೆರೆದರೆ ಹಬೆ ಬರುತ್ತದೆಯೇ ಹೊರತು ಚಪ್ಪಾಳೆ ಬರುವುದಿಲ್ಲ.

ಅವನು ವಾಸವಾಗಿದ್ದ ಊದ್ ಮೇಥಾದಲ್ಲಿ ಒಂದು ಸಣ್ಣ ಕನ್ನಡ ಸಂಘವಿತ್ತು. ತಿಂಗಳಿಗೊಮ್ಮೆ ಉಪನ್ಯಾಸ. ಹೃದಯದ ಡಾಕ್ಟರು ಹೃದಯದ ಮೇಲೆ, ಸುರಂಗದ ಎಂಜಿನಿಯರು ಸುರಂಗದ ಮೇಲೆ ಮಾತಾಡಿದ್ದರು. ಎರಡೂ ಸಲ ಸಂಗಪ್ಪ ಕುರ್ಚಿ ಜೋಡಿಸಿದ್ದ. ಒಂದು ಸಂಜೆ ಚಹಾದ ಹೊತ್ತಿನಲ್ಲಿ ಅಧ್ಯಕ್ಷರು, ಮುಂದಿನ ಸಲ ಮಾತಾಡಬೇಕಾದವರು ರಜೆ ಹಾಕಿ ಊರಿಗೆ ಹೋಗಿದ್ದಾರೆ, ಬೇರೆ ಯಾರಾದರೂ ಸಿದ್ಧರಿದ್ದೀರಾ ಎಂದು ಕೇಳಿದರು. ಕೇಳುವಾಗ ಅವರ ದೃಷ್ಟಿ ಸಂಗಪ್ಪನ ಬೋಳುತಲೆಯನ್ನು ಸವರಿಕೊಂಡು ದಾಟಿ ಹಿಂದಿನ ಸಾಲಿಗೆ ಹೋಯಿತು. ಮುಂದಿನ ಅನಾಹುತಕ್ಕೆಲ್ಲ ಆ ದಾಟಿಹೋದ ದೃಷ್ಟಿಯೇ ಕಾರಣ. ಸಂಗಪ್ಪ ಚಹಾದ ಲೋಟವನ್ನು ಕೆಳಗಿಟ್ಟು, ಲಂಡನ್ನಿನ ಪ್ರಸಿದ್ಧ ಪತ್ತೇದಾರನಿಗೂ ಅದೇ ಲಂಡನ್ನಿನಲ್ಲಿ ಹೆಣ್ಣುಮಕ್ಕಳನ್ನು ಸಾಲಾಗಿ ಕೊಂದವನಿಗೂ ಇದ್ದ ಸಂಬಂಧದ ಬಗ್ಗೆ ತಾನು ಬಹಳ ವರ್ಷಗಳಿಂದ ಸಂಶೋಧನೆ ಮಾಡುತ್ತಿರುವುದಾಗಿ ಹೇಳಿಬಿಟ್ಟ.

ಸಂಶೋಧನೆ ಎಂದರೆ ಕಂಪನಿಯ ವ್ಯಾನಿನಲ್ಲಿ ಮನೆಗೆ ಬರುವಾಗ ಫೋನಿನಲ್ಲಿ ನೋಡಿದ ಒಂದು ವಿಡಿಯೋ. ಅದೂ ಅರ್ಧ, ಉಳಿದರ್ಧಕ್ಕೆ ನಿದ್ದೆ ಬಂದಿತ್ತು. ಎಚ್ಚರವಿದ್ದಷ್ಟು ಹೊತ್ತಿನಲ್ಲಿ ಅವನು ತಿಳಿದುಕೊಂಡದ್ದು ಇಷ್ಟು: ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನಲ್ಲಿ ಒಬ್ಬ ಪತ್ತೇದಾರನಿದ್ದ, ಅವನ ಜೊತೆ ಒಂದೇ ಮನೆಯಲ್ಲಿ ಒಬ್ಬ ಡಾಕ್ಟರಿದ್ದ. ಆ ಮನೆಯನ್ನು ಇವತ್ತಿಗೂ ಟಿಕೆಟ್ ಇಟ್ಟು ತೋರಿಸುತ್ತಾರೆ. ಇನ್ನು ಆ ಕೊಲೆಗಾರನಿಗೆ ಹೆಸರಿಲ್ಲ, ಫೋಟೋ ಇಲ್ಲ, ವಿಳಾಸವಿಲ್ಲ. ಮನೆ, ಕುರ್ಚಿ, ಪ್ರತಿಮೆ ಇರುವವನು ನಿಜವಾದ ಮನುಷ್ಯ. ಹೆಸರೂ ಇಲ್ಲದವನು ಕಟ್ಟುಕಥೆ. ಇದು ಸಂಗಪ್ಪನ ತರ್ಕ. ಹಾಗಾದರೆ ಕೊಂದವರು ಯಾರು? ಜೊತೆಗಿದ್ದ ಡಾಕ್ಟರೇ. ಪತ್ತೇದಾರನಿಗೆ ಗೊತ್ತಿತ್ತು, ಗೆಳೆಯನೆಂದು ಬಾಯಿ ಮುಚ್ಚಿಕೊಂಡ, ಜನರ ಕಣ್ಣಿಗೆ ಮಣ್ಣೆರಚಲು ಹೆಸರಿಲ್ಲದ ಕೊಲೆಗಾರನ ಕಥೆ ಹಬ್ಬಿಸಿದ. ಈ ಸಿದ್ಧಾಂತ ಹೊಳೆದ ದಿನ ಸಂಗಪ್ಪನಿಗೆ ತನ್ನ ಮೇಲೆ ತನಗೇ ಗೌರವ ಹುಟ್ಟಿತು. ಹೆಂಡತಿ ಗಿರಿಜವ್ವ ವಿಷಯ ಏನೆಂದು ಕೇಳಿದರೆ, ಹಾಲ್‌ನಲ್ಲೇ ಕೇಳುವಿಯಂತೆ ಎಂದು ಗುಟ್ಟು ಮಾಡಿದ.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ಸ್ಪೀಕರು ಮೈಕುಗಳ ಅಂಗಡಿ ಇಟ್ಟಿದ್ದ ಶಿವಪ್ರಸಾದ ಅವನ ಬಾಲ್ಯದ ಗೆಳೆಯ. ಮೈಕು ಮಾರುವವನಿಗೆ ಭಾಷಣ ಗೊತ್ತಿರಲೇಬೇಕು ಎಂದು ನಂಬಿದ ಸಂಗಪ್ಪ, ಉಪನ್ಯಾಸದ ದಿನ ಶನಿವಾರ ಬೆಳಿಗ್ಗೆ ತನ್ನ ಭಾಷಣವನ್ನು ತುಂಡುತುಂಡಾಗಿ ವಾಯ್ಸ್ ಮೆಸೇಜ್ ಮಾಡಿ ಅವನಿಗೆ ಕಳಿಸತೊಡಗಿದ. ಹಳೆಯ ಕಾಲದ ಸಂಗತಿಯೆಂದು ಹೇಳಿದರೆ ಜನ ಆಕಳಿಸುತ್ತಾರೆ, ಈಗಲೇ ಇಲ್ಲೇ ನಡೆಯುತ್ತಿರುವ ಹಾಗೆ ಹೇಳು ಎಂದು ಶಿವಪ್ರಸಾದ ಮೊದಲೇ ಬುದ್ಧಿ ಹೇಳಿದ್ದ. ರಾಣಿ, ಲಂಡನ್ನು, ಮಂಜು ಮುಸುಕಿದ ಬೀದಿ ಇದ್ದ ಮೊದಲ ತುಂಡುಗಳು ಸರಿಯಾಗಿಯೇ ಎಲೆಕ್ಟ್ರಾ ಸ್ಟ್ರೀಟ್ ತಲುಪಿದವು. ಅಷ್ಟರಲ್ಲಿ ಕಟ್ಟಡದ ಉಸ್ತುವಾರಿ ಫಾರಿಸ್, ಟ್ಯಾಂಕು ತೊಳೆಯುವುದರಿಂದ ಮಧ್ಯಾಹ್ನದವರೆಗೆ ನೀರು ಮಾಫಿ, ಅಂದರೆ ಇಲ್ಲ, ಎಂದು ಕಟ್ಟಡದ ಗ್ರೂಪಿನಲ್ಲಿ ಹಾಕಿದ. ಸಂಗಪ್ಪ ಅದನ್ನು ತೆರೆದು ಓದಿ, ಶಿವಪ್ರಸಾದನ ಮೆಸೇಜಿಗೆ ಹಿಂದಿರುಗುವುದನ್ನು ಮರೆತು, ಅಲ್ಲೇ ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು ಮುಂದಿನ ತುಂಡನ್ನು ಹೇಳಿದ:

"ಕೇಳ್ರಿ. ಹೆಣ್ಣಮಕ್ಕಳ ಕುತ್ತಿಗಿ ಕೊಯ್ದಾಂವ ಇನ್ನೂ ಸಿಕ್ಕಿಲ್ಲ. ಕತ್ತಿ ಹಿಡದ ಕೈ ನೋಡಿದ್ರ ಗೊತ್ತಾಗತೈತಿ, ಅಂವ ಡಾಕ್ಟರ. ಅವನ ಜೋಡಿ ಒಂದ ಮನ್ಯಾಗ ಶೇರಿಂಗ್ ಇರಾಂವ ಪತ್ತೇದಾರ. ಅವಗ ಎಲ್ಲಾ ಗೊತ್ತೈತಿ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಾನ. ಯಾಕ ಮುಚ್ಚಿಕೊಂಡಾನ? ಅದನ್ನ ಇವತ್ತ ಸಂಜಿಕ ಸಂಘದ ಹಾಲಿನ್ಯಾಗ ಎಲ್ಲಾರ ಮುಂದ ಹೇಳತೀನಿ."

ಹೇಳಿ, ಕೆಳಗೆ ವ್ಯಾನು ಬಂದದ್ದರಿಂದ ಓಡಿದ. ಕೋಲ್ಡ್ ಸ್ಟೋರೇಜ್‌ನ ಒಳಗೆ ಫೋನು ಒಯ್ಯುವಂತಿಲ್ಲ. ಗೇಟಿನ ಲಾಕರಿನಲ್ಲಿ ಅದನ್ನಿಟ್ಟು ಬಟಾಣಿಗಳ ನಡುವೆ ಮಾಯವಾದ.

ಆಮೇಲೆ ಕಟ್ಟಡದಲ್ಲಿ ನಡೆದದ್ದು ಅವನಿಗೆ ತಿಳಿದದ್ದು ಬಹಳ ತಡವಾಗಿ. ಅವನ ಪಕ್ಕದ ಫ್ಲ್ಯಾಟಿನಲ್ಲಿ ಮಂಗಳೂರಿನ ಗರ್ಟ್ರೂಡ್ ಬಾಯಿ, ಅವರ ಗಂಡ ಮಾರ್ಸೆಲ್, ಮಗಳು ಕ್ಯಾರೊಲಿನ್ ಇದ್ದರು. ಮಾರ್ಸೆಲ್ ಹೋಟೆಲಿನಲ್ಲಿ ಅಡುಗೆಯವರು. ಕ್ಯಾರೊಲಿನ್‌ಗೆ ಮೇಲಿನ ಮಹಡಿಯ ಲೆಸ್ಟರ್ ಜೊತೆ ಮದುವೆ ಗೊತ್ತಾಗಿತ್ತು. ಈ ಲೆಸ್ಟರ್ ಡಾಕ್ಟರ್, ಹಲ್ಲಿನ ಡಾಕ್ಟರ್. ಅವನ ಜೊತೆ ಶೇರಿಂಗ್‌ನಲ್ಲಿದ್ದವನು ಪ್ರಿಯನ್. ಕಾರು ಇನ್ಶೂರೆನ್ಸ್ ಕಂಪನಿಯಲ್ಲಿ ಸುಳ್ಳು ಅಪಘಾತ ಪತ್ತೆ ಹಚ್ಚುವ ಕೆಲಸ. ಕಟ್ಟಡದವರೆಲ್ಲ ಅವನನ್ನು ತಮಾಷೆಗೆ ಕರೆಯುತ್ತಿದ್ದದ್ದೇ ಪತ್ತೇದಾರ ಎಂದು.

ಗರ್ಟ್ರೂಡ್ ಬಾಯಿ ಮೀನು ತೊಳೆಯಲು ನೀರಿಲ್ಲದೆ ಕೂತಿದ್ದಾಗ ಸಂಗಪ್ಪನ ದನಿ ಕೇಳಿದರು. ಇನ್ನೊಮ್ಮೆ ಕೇಳಿದರು. ಎದ್ದು ಹೋಗಿ ಮಗಳ ಕೋಣೆಯ ಚಿಲಕ ಹಾಕಿದರು. ಗ್ರೂಪಿನಲ್ಲಿ ಕನ್ನಡ ಬಾರದ ಮಲಯಾಳಿಗಳು, ಫಿಲಿಪಿನೊಗಳು, ಈಜಿಪ್ಟಿನವರು ಏನು ವಿಷಯವೆಂದು ಕೇಳಿದ್ದಕ್ಕೆ ಗರ್ಟ್ರೂಡ್ ಬಾಯಿಯೇ ಇಂಗ್ಲಿಷಿನಲ್ಲಿ ಹೇಳಿದರು. ಅಲ್ಲಿಂದ ಅದು ಮಲಯಾಳಕ್ಕೂ ಅರಬ್ಬಿಗೂ ಹೋಯಿತು. ಒಂದೊಂದು ಭಾಷೆ ದಾಟುವಾಗಲೂ ಒಂದೊಂದು ಹೆಣ ಹೆಚ್ಚಿತು. ಪ್ರಿಯನ್ ಕೆಲವು ದಿನಗಳಿಂದ ಕಾಣಿಸಿಲ್ಲ ಎಂದು ಒಬ್ಬರಿಗೆ ನೆನಪಾಯಿತು. ಅವನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಲೆಸ್ಟರನ ಬಾಗಿಲಿನಿಂದ ಏನೋ ವಾಸನೆ ಬರುತ್ತಿದೆ ಎಂದು ಇನ್ನೊಬ್ಬರು ಬರೆದರು. ಅದು ಒಣಮೀನಿನದೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬಾಡಿಗೆ ಪತ್ರ ಪ್ರಿಯನ್ ಹೆಸರಿನಲ್ಲಿದ್ದುದರಿಂದ ಗ್ರೂಪಿನಲ್ಲಿ ಇದ್ದವನು ಅವನೇ, ಲೆಸ್ಟರ್ ಇರಲಿಲ್ಲ. ಹೀಗಾಗಿ ತಾನು ಕೊಲೆಗಾರನಾದ ಸಂಗತಿ ಇಡೀ ಕಟ್ಟಡದಲ್ಲಿ ಗೊತ್ತಿಲ್ಲದವನು ಅವನೊಬ್ಬನೇ.

ಊಟದ ಹೊತ್ತಿಗೆ ಸಂಗಪ್ಪ ಲಾಕರು ತೆರೆದು ನೋಡಿದರೆ ಗ್ರೂಪು ತುಂಬಿ ತುಳುಕುತ್ತಿತ್ತು. ಮೇಲಿನದನ್ನೆಲ್ಲ ಓದುವ ತಾಳ್ಮೆ ಅವನಿಗಿಲ್ಲ. ಕಟ್ಟಕಡೆಯದನ್ನು ಓದಿದ. ಕೆಳಮಹಡಿಯ ಫಿಲಿಪಿನೊ ನರ್ಸು, ಅಣ್ಣ ನೀವು ಧೈರ್ಯವಂತರು, ದೇವರು ನಿಮ್ಮನ್ನು ಕಾಪಾಡಲಿ ಎಂದು ಬರೆದಿದ್ದಳು. ಭಾಷಣದ ತುಂಡು ತಪ್ಪಿ ಇಲ್ಲಿ ಬಂದಿದೆ ಎಂದು ಆಗ ಅವನಿಗೆ ತಿಳಿಯಿತು. ಆದರೂ ಭಾಷೆ ಬಾರದವರನ್ನೂ ಅದು ತಟ್ಟಿದೆಯಲ್ಲ ಎಂದು ಎದೆ ಉಬ್ಬಿತು. ಸಂಜೆ ಎಲ್ಲರೂ ಬನ್ನಿ, ಫುಲ್ ಪ್ರೂಫ್ ಕೊಡುತ್ತೇನೆ, ಫೋಟೋ ಸಮೇತ, ಎಂದು ಉತ್ತರ ಹಾಕಿದ.

ಕೂಡಲೇ ಫಾರಿಸ್‌ನ ಫೋನು ಬಂತು. ಸಿರಿಯಾದ ಫಾರಿಸ್‌ಗೂ ಗದಗಿನ ಸಂಗಪ್ಪನಿಗೂ ನಡುವೆ ಇದ್ದ ಭಾಷೆ ಹಿಂದಿ. ಅದು ಇಬ್ಬರದೂ ಅಲ್ಲ. ನೀನು ಹೇಳಿದ ಡಾಕ್ಟರ್ ಖಂಡಿತ ಅವನೇನಾ ಎಂದು ಫಾರಿಸ್ ಕೇಳಿದ. ಖಂಡಿತ ಅವನೇ ಎಂದು ಸಂಗಪ್ಪ ಹೇಳಿದ. ಪೊಲೀಸರಿಗೆ ಗೊತ್ತಾ ಎಂದು ಕೇಳಿದ್ದಕ್ಕೆ, ಪೊಲೀಸರು ಹುಡುಕಿ ಹುಡುಕಿ ಸೋತರು, ಖಲಾಸ್ ಎಂದ.

"ಪತ್ತೇದಾರ ಎಲ್ಲಿ?" ಎಂದು ಫಾರಿಸ್ ಮೆಲ್ಲಗೆ ಕೇಳಿದ.

"ಈಗ ಎಲ್ಲಿಂದ ಇರ್ತಾನೆ? ಅವನ ರೂಮು ಮಾತ್ರ ಹಾಗೇ ಇದೆ. ಟೋಪಿ, ಪೈಪು, ಕುರ್ಚಿ, ಎಲ್ಲ ಅವನು ಇಟ್ಟಲ್ಲೇ ಇವೆ."

ಪೈಪು ಎಂದರೆ ತಂಬಾಕು ಸೇದುವುದೆಂದು ಸಂಗಪ್ಪನ ಭಾವ. ಫಾರಿಸ್ ದಿನವಿಡೀ ನೋಡುತ್ತಿದ್ದದ್ದು ಕಬ್ಬಿಣದ ಪೈಪು. ಅವನು ಫೋನಿಟ್ಟು ನೇರವಾಗಿ ಪೊಲೀಸರಿಗೆ ಕರೆ ಮಾಡಿದ.

ಸಾಯಂಕಾಲ ಸಂಗಪ್ಪ ಕಟ್ಟಡಕ್ಕೆ ಬಂದಾಗ ಕಾವಲುಗಾರ ಎದ್ದು ನಿಂತ. ಇಷ್ಟು ವರ್ಷಗಳಲ್ಲಿ ಅವನು ಎದ್ದದ್ದೇ ಇಲ್ಲ. ಲಿಫ್ಟಿನ ಹತ್ತಿರ ನಿಂತಿದ್ದ ಹೆಂಗಸರು ಮಕ್ಕಳನ್ನು ಸೆರಗಿಗೆ ಎಳೆದುಕೊಂಡು ದಾರಿ ಬಿಟ್ಟರು. ಭಾಷಣಕಾರನಿಗೆ ಸಿಗುವ ಮರ್ಯಾದೆ ಹೀಗಿರುತ್ತದೆ ಎಂದು ಸಂಗಪ್ಪನಿಗೆ ಅವತ್ತೇ ಗೊತ್ತಾದದ್ದು. ಅವನು ಲಿಫ್ಟಿನೊಳಗೆ ಹೋದ. ಬಾಗಿಲು ಮುಚ್ಚುವಷ್ಟರಲ್ಲಿ ಲೆಸ್ಟರ್ ಓಡಿಬಂದು ಒಳಗೆ ನುಗ್ಗಿದ. ಹೊರಗೆ ಯಾರೋ ಹೆಂಗಸು ಸಣ್ಣಗೆ ಚೀರಿದ್ದು ಕೇಳಿಸಿತು.

ಲೆಸ್ಟರನ ಮುಖ ಬಾಡಿತ್ತು. ಅವನು ಸಣ್ಣ ದನಿಯ, ಒಳ್ಳೆಯ ನಡತೆಯ ಹುಡುಗ.

"ಸಂಗಪ್ಪಣ್ಣ, ಎಂತ ಆಗಿದೆ ಅಂತ ನಿಮಗೆ ಗೊತ್ತುಂಟಾ? ಇವತ್ತು ನಮ್ಮ ಬಿಲ್ಡಿಂಗಿನ ಒಬ್ಬ ಪೇಷಂಟೂ ಬರ್ಲಿಲ್ಲ. ಕ್ಯಾರೊಲಿನ್ ಫೋನು ಬಂದ್. ಗರ್ಟ್ರೂಡ್ ಆಂಟಿ ನನ್ನನ್ನು ನೋಡಿ ಬಾಗಿಲು ಹಾಕಿಕೊಂಡ್ರು. ನಾನು ಮಾಡಿದ ತಪ್ಪಾದ್ರೂ ಎಂತ?"

ಸಂಗಪ್ಪನಿಗೆ ನಿಜವಾಗಿಯೂ ಕನಿಕರವಾಯಿತು. ಮದುವೆಯ ಮನೆಯಲ್ಲಿ ಇಂಥದ್ದೆಲ್ಲ ಸಹಜ, ತಾನೇ ಗರ್ಟ್ರೂಡ್ ಬಾಯಿಯ ಹತ್ತಿರ ಮಾತಾಡುವುದಾಗಿ ಧೈರ್ಯ ಹೇಳಿದ. ಸಂಜೆ ಅವರೆಲ್ಲ ತನ್ನ ಭಾಷಣಕ್ಕೆ ಬರುತ್ತಾರೆ, ನೀವೂ ಬಂದು ಮೊದಲನೆಯ ಸಾಲಿನಲ್ಲೇ ಕೂತುಕೊಳ್ಳಿ, ಭಾಷಣದಲ್ಲಿ ಒಬ್ಬ ಡಾಕ್ಟರನ ಪಾತ್ರ ಬಹಳ ಮುಖ್ಯವಾದದ್ದು ಎಂದ. ಲೆಸ್ಟರ್ ಅವನ ಕೈ ಹಿಡಿದು ಥ್ಯಾಂಕ್ಸ್ ಹೇಳಿದ. ಲಿಫ್ಟು ನಿಂತು ಬಾಗಿಲು ತೆರೆದಾಗ ಎದುರಿಗೆ ಮಾರ್ಸೆಲ್ ನಿಂತಿದ್ದರು. ಕೊಲೆಗಾರನ ಕೈಯಲ್ಲಿ ಸಂಗಪ್ಪನ ಕೈ ಇರುವುದನ್ನು ನೋಡಿ ಅವರು ಲಿಫ್ಟು ಬಿಟ್ಟು ಮೆಟ್ಟಿಲಿನ ಕಡೆ ತಿರುಗಿದರು.

ಮನೆಯ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಗಿರಿಜವ್ವ ಅವನ ದನಿ ಕೇಳಿದರೂ ನಂಬದೆ, ಮಗಳ ಪೂರ್ತಿ ಹೆಸರು ಹೇಳಿಸಿ, ಆಮೇಲೆ ಬಾಗಿಲಿಗೆ ಒತ್ತಿದ್ದ ಸೋಫಾ ಸರಿಸಿದಳು. ಮಗಳು ಅಪೂರ್ವಾ ಕಾಲೇಜಿನಿಂದ ನೇರವಾಗಿ ಹಾಲ್‌ಗೆ ಬರುವವಳಿದ್ದಳು.

"ಇಂಥಾ ಮಾತು ಹೊಟ್ಟ್ಯಾಗ ಇಟ್ಟಕೊಂಡು ಇಷ್ಟ ದಿನಾ ನನ್ನ ಜೋಡಿ ಹೆಂಗ ಉಂಡ್ರಿ ನೀವು?" ಎಂದು ಗಿರಿಜವ್ವ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು.

ಸಂಗಪ್ಪ ಅದನ್ನು ಅಭಿಮಾನದ ಕಣ್ಣೀರೆಂದು ತಿಳಿದ. ಗುಟ್ಟು ಮಾಡದಿದ್ದರೆ ಭಾಷಣಕ್ಕೆ ಸ್ವಾರಸ್ಯ ಇರುವುದಿಲ್ಲವೆಂದು ಹೇಳಿ, ಮದುವೆಗಳಿಗೆಂದು ಎತ್ತಿಟ್ಟಿದ್ದ ಕೋಟು ಕೇಳಿದ. ಅವಳು ಕೋಟು ಕೊಟ್ಟು, ಹಣೆಗೆ ವಿಭೂತಿ ಹಚ್ಚಿ, ಯುದ್ಧಕ್ಕೆ ಹೊರಟವನನ್ನು ನೋಡಿದ ಹಾಗೆ ನೋಡಿದಳು.

ಸಂಘದ ಹಾಲ್ ತುಂಬಿತ್ತು. ಹೃದಯದ ಡಾಕ್ಟರಿಗೂ ಅಷ್ಟು ಜನ ಬಂದಿರಲಿಲ್ಲ. ಕನ್ನಡದ ಗಂಧವಿಲ್ಲದವರೂ ಗೋಡೆಗೆ ಒರಗಿ ನಿಂತಿದ್ದರು. ಮೊದಲ ಸಾಲಿನ ನಡುವೆ ಲೆಸ್ಟರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಅವನ ಎಡಕ್ಕೂ ಬಲಕ್ಕೂ ಹಿಂದಕ್ಕೂ ಕುರ್ಚಿಗಳು ಖಾಲಿ. ಬಾಗಿಲ ಬಳಿ ಸಮವಸ್ತ್ರದ ಇಬ್ಬರು ಪೊಲೀಸರು. ಅವರಲ್ಲಿ ಹಿರಿಯಳು ಹಸ್ನಾ ಎಂಬ ಅಧಿಕಾರಿ, ಹಿಂದಿ ಸಿನಿಮಾ ನೋಡಿ ನೋಡಿ ಚೆನ್ನಾಗಿ ಹಿಂದಿ ಕಲಿತವಳು. ಸರಕಾರದ ಪ್ರತಿನಿಧಿಗಳೂ ಬಂದಿದ್ದಾರೆಂದು ಸಂಗಪ್ಪ ಅವರ ಕಡೆ ಕೈಮುಗಿದ. ಅಧ್ಯಕ್ಷರು ಸ್ವಾಗತ ಭಾಷಣ ಮಾಡಲಿಲ್ಲ. ಮೈಕನ್ನು ಅವನ ಕೈಗಿತ್ತು ಪಕ್ಕದ ಬಾಗಿಲಿನ ಹತ್ತಿರ ಹೋಗಿ ನಿಂತರು.

ಮಾನ್ಯರೇ ಎಂದು ಸಂಗಪ್ಪ ಶುರು ಮಾಡುವಷ್ಟರಲ್ಲಿ ಗರ್ಟ್ರೂಡ್ ಬಾಯಿ, ಪಕ್ಕದಲ್ಲಿ ಕೂರಿಸಿಕೊಂಡಿದ್ದ ಮಗಳ ಕೈ ಬಿಡದೆ, ಎದ್ದರು.

"ಪೀಠಿಕೆ ಬೇಡ ಸಂಗಪ್ಪಣ್ಣ. ನನ್ನ ಮಗಳ ಜೀವನದ ಪ್ರಶ್ನೆ ಉಂಟು. ಡಾಕ್ಟರ್ ಹೌದಾ, ಅಲ್ವಾ? ಅಷ್ಟು ಹೇಳಿ ಸಾಕು."

ಲಂಡನ್ನಿನ ಕೊಲೆಗೂ ಕ್ಯಾರೊಲಿನ್ ಜೀವನಕ್ಕೂ ಏನು ಸಂಬಂಧವೆಂದು ಸಂಗಪ್ಪನಿಗೆ ಹೊಳೆಯಲಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಅವನ ಹತ್ತಿರ ಇತ್ತು. ಮೈಕನ್ನು ಬಾಯಿಗೆ ಹತ್ತಿರ ತಂದು, "ಹೌದ್ರಿ. ಡಾಕ್ಟರನ" ಎಂದ.

ಹಾಲಿನಲ್ಲಿದ್ದವರೆಲ್ಲ ಲೆಸ್ಟರನ ಕಡೆ ತಿರುಗಿದರು. ಲೆಸ್ಟರ್ ಕೂಡ, ಎಲ್ಲರೂ ಯಾರನ್ನು ನೋಡುತ್ತಿದ್ದಾರೆಂದು ಹಿಂದಕ್ಕೆ ತಿರುಗಿದ. ಹಿಂದೆ ಖಾಲಿ ಕುರ್ಚಿಗಳು. ಅವನು ಮೆಲ್ಲಗೆ ಮತ್ತೆ ಮುಂದಕ್ಕೆ ತಿರುಗಿದಾಗ ಅವನ ಮುಖ ಬಿಳಿಚಿಕೊಂಡಿತ್ತು. ಮಾರ್ಸೆಲ್, ಪ್ರಿಯನ್ ಎಲ್ಲಿ ಎಂದು ಕೇಳಿದರು. ಊರಿಗೆ ಹೋಗಿದ್ದಾನೆಂದು ಲೆಸ್ಟರ್ ಹೇಳಿದ. ಮತ್ತೆ ಫೋನು ಯಾಕೆ ಎತ್ತುವುದಿಲ್ಲ ಎಂದು ಮಾರ್ಸೆಲ್ ಕೇಳಿದರು. ಹಸ್ನಾ ಬಾಗಿಲು ಬಿಟ್ಟು ಮೊದಲ ಸಾಲಿನ ಕಡೆ ನಡೆದುಬಂದಳು.

ಕೋಲ್ಡ್ ಸ್ಟೋರೇಜ್‌ನಲ್ಲಿ ಒಮ್ಮೆ ಹಿಂದಿನಿಂದ ಬಾಗಿಲು ತಾನಾಗಿ ಮುಚ್ಚಿಕೊಂಡು ಸಂಗಪ್ಪ ಒಳಗೆ ಸಿಕ್ಕಿಕೊಂಡಿದ್ದ. ಅವತ್ತು ಬೆನ್ನಹುರಿಯಲ್ಲಿ ಹತ್ತಿದ ಚಳಿ ಈಗ ಮತ್ತೆ ಹತ್ತಿತು. ಡಾಕ್ಟರ. ಶೇರಿಂಗ್. ಪತ್ತೇದಾರ. ಲಿಫ್ಟಿನ ಹೆಂಗಸರು, ಕಾವಲುಗಾರ, ಫಾರಿಸ್, ಗಿರಿಜವ್ವನ ಕಣ್ಣೀರು, ಎಲ್ಲ ಒಂದರ ಹಿಂದೆ ಒಂದು ಸರಿಯಾದ ಜಾಗದಲ್ಲಿ ಹೋಗಿ ಕೂತವು. ಪತ್ತೇದಾರಿಕೆ ಎಂದರೇನೆಂದು ಅವನಿಗೆ ಬದುಕಿನಲ್ಲಿ ಮೊದಲ ಸಲ ಅರ್ಥವಾದದ್ದು ಆ ಗಳಿಗೆಯಲ್ಲಿ, ಸಿಕ್ಕಿಬಿದ್ದ ಅಪರಾಧಿ ತಾನೇ ಆಗಿದ್ದಾಗ.

"ಮೇಡಂ, ನಿಲ್ರಿ. ಅವರಲ್ಲ. ಅವರೇನೂ ಮಾಡಿಲ್ಲ," ಎಂದು ಅವನು ಮೈಕಿನಲ್ಲೇ ಹೇಳಿದ. ಅವನ ಕನ್ನಡ ಅರ್ಥವಾಗದಿದ್ದರೂ ದನಿಗೆ ಹಸ್ನಾ ನಿಂತಳು.

ವಿಚಾರಣೆ ವೇದಿಕೆಯ ಮೇಲೆಯೇ ನಡೆಯಿತು, ಹಿಂದಿಯಲ್ಲಿ. ಕೊಂದವನು ಯಾರೆಂದು ಹಸ್ನಾ ಕೇಳಿದಳು. ಲಂಡನ್ನಿನ ಡಾಕ್ಟರ್ ಎಂದ ಸಂಗಪ್ಪ. ಅವನೀಗ ಎಲ್ಲಿ? ಸತ್ತು ನೂರು ವರ್ಷವಾಗಿರಬೇಕು. ಸಾಕ್ಷಿ ಯಾರು? ಪತ್ತೇದಾರ. ಅವನಾದರೂ ಬದುಕಿದ್ದಾನಾ? ಅವನೂ ಇಲ್ಲ, ಆದರೆ ಅವನ ಮನೆ ಇದೆ. ಹಸ್ನಾ ಪತ್ತೇದಾರನ ಹೆಸರು ಕೇಳಿದಳು. ಸಂಗಪ್ಪ ಹೇಳಿದ. ಹಸ್ನಾ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ಆ ಹೆಸರು ಅವಳು ಶಾಲೆಯಲ್ಲಿದ್ದಾಗಲೇ ಕೇಳಿದ್ದಳು.

ಹಿಂದಿನ ಸಾಲಿನಿಂದ ಅಪೂರ್ವಾ ಎದ್ದು ನಿಂತಳು. ನಾಚಿಕೆಯಿಂದ ಅವಳ ಕಿವಿಗಳು ಕೆಂಪಾಗಿದ್ದವು.

"ಅಪ್ಪಾ, ಪ್ಲೀಸ್ ಸ್ಟಾಪ್. ಹಿ ಈಸ್ ನಾಟ್ ರಿಯಲ್. ಡಿಟೆಕ್ಟಿವ್ ಕಥೆಯವನು. ಅವನ ಡಾಕ್ಟರೂ ಕಥೆಯವನೇ. ಕಿಲ್ಲರ್ ಮಾತ್ರ ರಿಯಲ್."

ಸಂಗಪ್ಪ ಸಣ್ಣ ದನಿಯಲ್ಲಿ, ಮನಿ ಐತಲ್ಲವ್ವಾ ಎಂದ. ಕಥೆಯವನಿಗೂ ಮನೆ ಕಟ್ಟುತ್ತಾರೆ ಎಂದು ಅಪೂರ್ವಾ ಹೇಳಿದಳು. ಅಂದರೆ ಹುಟ್ಟದೇ ಇದ್ದ ಡಾಕ್ಟರನೊಬ್ಬನ ಮೇಲೆ ಅವನು ಕೊಲೆ ಹೊರಿಸಿ, ಹುಟ್ಟದೇ ಇದ್ದವನೊಬ್ಬನನ್ನು ಸಾಕ್ಷಿ ಮಾಡಿ, ನಿಜವಾದ ಕೊಲೆಗಾರನನ್ನು ಬಿಟ್ಟುಬಿಟ್ಟಿದ್ದ. ನಡುವೆ ಸಿಕ್ಕಿದ್ದು ಲೆಸ್ಟರ್. ಸಂಗಪ್ಪ ಫೋನು ತೆಗೆದು, ಬೆಳಿಗ್ಗೆ ಶಿವಪ್ರಸಾದನಿಗೆ ಕಳಿಸಿದ್ದ ಮೊದಲ ತುಂಡುಗಳನ್ನು ಮೈಕಿಗೆ ಹಿಡಿದ. ವಿಕ್ಟೋರಿಯಾ ರಾಣಿಯ ಲಂಡನ್ನು ಹಾಲಿನ ತುಂಬ ಕೇಳಿಸಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು.

ಪ್ರಿಯನ್ ಪ್ರಶ್ನೆ ಮಾತ್ರ ಉಳಿದಿತ್ತು. ಲೆಸ್ಟರ್ ಮತ್ತೆ ಮತ್ತೆ ವಿಡಿಯೋ ಕರೆ ಮಾಡಿದ. ಕಡೆಗೂ ಅತ್ತ ಕಡೆ ಎತ್ತಿದರು. ಪರದೆಯ ತುಂಬ ಬೆಳ್ಳಗೆ, ತೊಟ್ಟಿಕ್ಕುವ ಒಂದು ಮುಖ ಕಾಣಿಸಿತು. ಗರ್ಟ್ರೂಡ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಗಂಡನ ತೋಳು ಹಿಡಿದರು. ಪ್ರಿಯನ್ ಮಂಗಳೂರಿನಲ್ಲಿ ಅಣ್ಣನ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿದ್ದ. ಮದುಮಗನಿಗೆ ಎರೆದು ಉಳಿದ ತೆಂಗಿನಹಾಲನ್ನು ಸೋದರತ್ತೆಯರು ಅವನ ತಲೆಗೂ ಸುರಿದಿದ್ದರು. ಎಂತ ಲೆಸ್ಟರ್, ಎಲ್ಲರೂ ಯಾಕೆ ಹೀಗೆ ನೋಡ್ತಾ ಇದ್ದಾರೆ ಎಂದು ಅವನು ಕೇಳಿದ.

ಕೆಲವರು ನಕ್ಕರು. ಹಸ್ನಾ ನಗಲಿಲ್ಲ. ಅವಳು ಅಪೂರ್ವಾಳ ಕಡೆ ತಿರುಗಿ, ಆ ಸತ್ತ ಹೆಂಗಸರು ನಿಜವಾದವರಾ ಎಂದು ಕೇಳಿದಳು. ನಿಜವಾದವರೇ ಎಂದು ಅಪೂರ್ವಾ ಹೇಳಿದಳು. ಇಷ್ಟು ಹೊತ್ತು ಅವರ ವಿಷಯ ಒಬ್ಬರೂ ಎತ್ತಲಿಲ್ಲ ಎಂದು ಹಸ್ನಾ ಹೇಳಿದಾಗ ನಗು ನಿಂತಿತು. ಆಮೇಲೆ ಅವಳು ಸಂಗಪ್ಪನಿಗೆ ನಿಧಾನವಾಗಿ ತಿಳಿಹೇಳಿದಳು. ಇಲ್ಲಿ ಸುಳ್ಳು ಸುದ್ದಿ ಹಬ್ಬಿಸುವುದು ಸಣ್ಣ ಮಾತಲ್ಲ. ಕೈತಪ್ಪಿ ಹೋದದ್ದೆಂದು ತನಗೆ ಮನವರಿಕೆಯಾಗಿದೆ, ಅದನ್ನು ಬರೆದುಕೊಳ್ಳುತ್ತೇನೆ. ಆದರೆ ಹೆಸರು ಕೆಟ್ಟಿರುವುದು ಈ ಡಾಕ್ಟರದು. ಇವರು ದೂರು ಕೊಟ್ಟರೆ ಕೇಸು ನಡೆಯಲೇಬೇಕು.

ಎಲ್ಲರೂ ಲೆಸ್ಟರನನ್ನು ನೋಡಿದರು, ಈ ಸಲ ಬೇರೆ ರೀತಿಯಲ್ಲಿ. ಲೆಸ್ಟರ್ ಯಾರನ್ನೂ ನೋಡಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ, ಸಂಗಪ್ಪಣ್ಣ ಬೆಳಿಗ್ಗೆ ಕ್ಲಿನಿಕ್‌ಗೆ ಬರಲಿ ಎಂದು ಹೇಳಿ ಎದ್ದು ಹೋದ. ಕ್ಯಾರೊಲಿನ್ ಅವನ ಹಿಂದೆ ಓಡಿದಳು. ಗರ್ಟ್ರೂಡ್ ಬಾಯಿ ಕರೆದರೂ ಅವಳು ತಿರುಗಲಿಲ್ಲ.

ಮನೆಗೆ ಬಂದ ಮೇಲೆ ಗಿರಿಜವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಕೇಸಾದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಅಪೂರ್ವಾಳ ಕಾಲೇಜು ನಡುವೆಯೇ ನಿಲ್ಲುತ್ತದೆ ಎಂದು ಅವಳು ಕಣ್ಣಿಗೆ ಕಾಣುವುದನ್ನು ಹೇಳಿದ ಹಾಗೆ ಹೇಳಿ, ಮಂಚದ ಕೆಳಗಿನಿಂದ ದೊಡ್ಡ ಸೂಟ್‌ಕೇಸ್ ಎಳೆದು ಧೂಳು ಒರೆಸಿಟ್ಟಳು. ಶಿವಪ್ರಸಾದ ಅಬುಧಾಬಿಯಿಂದ ಫೋನು ಮಾಡಿ, ಮುಂದಿನ ತುಂಡು ಬರಲೇ ಇಲ್ಲವಲ್ಲ ಎಂದು ಕೇಳಿದ. ಸಂಗಪ್ಪ ಫೋನಿಟ್ಟ.

ಬೆಳಿಗ್ಗೆ ಅವನು ಕ್ಲಿನಿಕ್‌ಗೆ ಹೋದಾಗ ಹೊರಗಿನ ಕೋಣೆಯಲ್ಲಿ ಅರ್ಧ ಕಟ್ಟಡವೇ ಕೂತಿತ್ತು. ಗರ್ಟ್ರೂಡ್ ಬಾಯಿ, ಮಾರ್ಸೆಲ್, ಫಾರಿಸ್, ಫಿಲಿಪಿನೊ ನರ್ಸು. ಕ್ಷಮೆ ಕೇಳಲು ಬಂದಿದ್ದೇವೆಂದು ಅವರು ಹೇಳುತ್ತಿದ್ದರು. ಆದರೆ ಒಳಗಿನ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಒಳಗಿದ್ದ ಹಲ್ಲು ಕೀಳುವ ಕುರ್ಚಿಗೆ ಹೆದರಿ ಎಲ್ಲರೂ ಗೋಡೆಗೆ ಅಂಟಿಕೊಂಡಿದ್ದರು.

ಲೆಸ್ಟರ್ ಸಂಗಪ್ಪನನ್ನು ಒಳಗೆ ಕರೆದ. ಸಂಗಪ್ಪ ಕೈಮುಗಿದು ಮಾತು ಶುರುಮಾಡುವ ಮೊದಲೇ ತಡೆದ.

"ದೂರು ಕೊಡೂದಿಲ್ಲ, ಸಂಗಪ್ಪಣ್ಣ. ಕೊಟ್ರೆ ನೀವು ಊರಿಗೆ ಹೋಗ್ತೀರಿ. ನನ್ನ ಹೆಸರು ವಾಪಸ್ ಬರ್ತದಾ? ಹೊರಗೆ ಕೂತವರನ್ನು ನೋಡಿದ್ರಲ್ಲ. ಸಾರಿ ಹೇಳ್ತಾರೆ, ಬಾಯಿ ಮಾತ್ರ ತೆರೆಯೂದಿಲ್ಲ. ಇಷ್ಟು ಹತ್ತಿರದಿಂದ ನನ್ನ ಕೈಯನ್ನು ನೋಡ್ಲಿಕ್ಕೆ ಅವರಿಗೆ ಆಗೂದಿಲ್ಲ ಇನ್ನು."

ನಾನು ಏನು ಮಾಡಬೇಕು ಹೇಳಿ ಡಾಕ್ಟ್ರೇ ಎಂದು ಸಂಗಪ್ಪ ಕೇಳಿದ. ಲೆಸ್ಟರ್ ಕುರ್ಚಿಯ ಕಡೆ ನೋಡಿದ. ಸಂಗಪ್ಪ ಹೋಗಿ ಅದರಲ್ಲಿ ಮಲಗಿದ. ಮೇಲಿನ ದೀಪ ಕಣ್ಣಿಗೆ ಹೊಡೆಯಿತು. ಲೆಸ್ಟರ್ ಕನ್ನಡಿ ಹಿಡಿದು ಒಳಗೆಲ್ಲ ನೋಡಿ, ಹಿಂದಿನ ಒಂದು ದವಡೆಹಲ್ಲು ಪೂರ್ತಿ ಹಾಳಾಗಿದೆ, ಕೀಳಲೇಬೇಕು, ಆದರೆ ಇವತ್ತೇ ಆಗಬೇಕೆಂದಿಲ್ಲ, ನಿಮ್ಮಿಷ್ಟ ಎಂದ. ಸಂಗಪ್ಪ ಇಂಜೆಕ್ಷನ್ನಿನ ಸೂಜಿ ನೋಡಿದ. ಇಕ್ಕಳ ನೋಡಿದ. ಆಮೇಲೆ ಬಾಗಿಲಿನಾಚೆ ಕೂತವರನ್ನು ನೋಡಿದ.

"ಇವತ್ತ ಕೀಳ್ರಿ," ಎಂದ. "ಬಾಗಿಲಾ ತೆರದ ಇರ್ಲಿ."

ಬಾಗಿಲು ಅರ್ಧ ತೆರೆದಿತ್ತು. ಹೊರಗಿನವರೆಲ್ಲ ಒಳಗಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು. ಒಂದು ಸಣ್ಣ ಕೂಗು ಹೊರಬಿದ್ದರೂ ಆ ಹುಡುಗನ ಕ್ಲಿನಿಕ್ಕು ಮುಗಿಯಿತೆಂದು ಸಂಗಪ್ಪನಿಗೆ ಗೊತ್ತಿತ್ತು. ಸೂಜಿ ಇಳಿಯಿತು. ದವಡೆ ಮರಗಟ್ಟಿತು, ಹೆದರಿಕೆ ಮರಗಟ್ಟಲಿಲ್ಲ. ಇಕ್ಕಳ ಒಳಗೆ ಹೋಗಿ ಹಲ್ಲನ್ನು ಹಿಡಿದಾಗ ತಲೆಯೊಳಗೆ ಬಂಡಿ ಉರುಳಿದ ಹಾಗೆ ಕರಕರ ಸದ್ದಾಯಿತು. ಸಂಗಪ್ಪ ಕುರ್ಚಿಯ ತೋಳುಗಳನ್ನು ಹಿಡಿದ, ಕಾಲ್ಬೆರಳುಗಳನ್ನು ಚಪ್ಪಲಿಯೊಳಗೆ ಮಡಿಸಿದ, ಗಂಟಲಿಗೆ ಬಂದ ಕೂಗನ್ನು ನುಂಗಿದ; ಅದು ಮತ್ತೆ ಬಂತು, ಮತ್ತೆ ನುಂಗಿದ. ಅವನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಲೆಸ್ಟರ್ ಒಂದು ಕ್ಷಣ ಕೈ ನಿಲ್ಲಿಸಿ ಅವನ ಭುಜ ಮುಟ್ಟಿದ. ಸಂಗಪ್ಪ ಮುಂದುವರಿಸಿ ಎಂದು ಕಣ್ಣಲ್ಲೇ ಹೇಳಿದ.

ಹಲ್ಲು ತಟ್ಟೆಯಲ್ಲಿ ಬಿದ್ದ ಠಣ್ ಎಂಬ ಸದ್ದಷ್ಟೇ ಹೊರಗಿನವರಿಗೆ ಕೇಳಿಸಿದ್ದು.

ಹತ್ತಿ ಕಚ್ಚಿಕೊಂಡು ಹೊರಬಂದ ಸಂಗಪ್ಪನನ್ನು ಎಲ್ಲರೂ ಸುತ್ತಿಕೊಂಡರು. ನೋವಾಯಿತಾ ಎಂದು ಗರ್ಟ್ರೂಡ್ ಬಾಯಿ ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಕಣ್ಣಲ್ಲಿ ನೀರು ಯಾಕೆ ಎಂದರು. ಅದಕ್ಕೆ ಅವನು ಹತ್ತಿ ತುಂಬಿದ ಬಾಯಿ ತೋರಿಸಿ, ಮಾತಾಡಲು ಆಗುವುದಿಲ್ಲವೆಂದು ಸನ್ನೆ ಮಾಡಿದ.

ಗರ್ಟ್ರೂಡ್ ಬಾಯಿ ಅವನನ್ನು ನೋಡಿದರು, ಒಳಗೆ ಕೈ ತೊಳೆಯುತ್ತ ನಿಂತಿದ್ದ ಹುಡುಗನ ಬೆನ್ನನ್ನು ನೋಡಿದರು. ಆಮೇಲೆ ಕೈಚೀಲವನ್ನು ಗಂಡನ ಕೈಗೆ ಕೊಟ್ಟು, ಕನ್ನಡಕ ತೆಗೆದು ಅದನ್ನೂ ಕೊಟ್ಟು, ಬಾಗಿಲಿಗೆ ಹೋದರು.

"ಲೆಸ್ಟರ್ ಬಾಬಾ, ನನ್ನ ಮೇಲಿನ ಹಲ್ಲು ಒಂದು ಅಲ್ಲಾಡ್ತಾ ಉಂಟು," ಎಂದರು. "ಸ್ವಲ್ಪ ನೋಡ್ತೀಯಾ?"